ತುಟಿಗೆ ತಾಗಿಸದ ಫಿಲ್ಮು

ಫೆಬ್ರವರಿ ಮುಗಿಯುತ್ತ ಬಂದು ಮಾಯಿ ತಿಂಗಳ ಸೆಕೆ ಶುರುವಾಗಿತ್ತು. ರಂಝಾನ್ ಉಪವಾಸದ ಮೂರನೆಯ ನೋಂಬು, ಶನಿವಾರ, ಸಂಜೆಯ ಅಸರ್ ನಮಾಝಿನ ಬಾಂಗ್ ಆಗಿ ಅರ್ಧ ಗಂಟೆ ಕಳೆದಿರಬಹುದು. ಬೆಳ್ಳಾರೆ ಪೇಟೆಯ ತನ್ನ ಹಳೆಯ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತಿದ್ದ ಹಸನಬ್ಬನಿಗೆ ಹಳೆಯ ಕ್ರಮದಲ್ಲಿ ಫೋಟೋ ತೆಗೆಯಲು ಕಲಿಸಿ ಎಂದು ಬಂದಿದ್ದ ಪುತ್ತೂರಿನ ಹಲ್ಲಿನ ಡಾಕ್ಟರನ ಮೇಲೆ ತಾತ್ಸಾರ ಹುಟ್ಟಿದ್ದು ಅವನ ಮೇಲಂಗಿಯ ಜೇಬುಗಳನ್ನು ನೋಡಿದಾಗ. ಎದೆಗೆ ನಾಲ್ಕು, ಹೊಟ್ಟೆಗೆ ನಾಲ್ಕು, ತೋಳಿಗೂ ಒಂದು. ಒಂದರಿಂದ ಬ್ರಶ್ಶು ತೆಗೆದ, ಒಂದರಿಂದ ಸಣ್ಣ ಟಾರ್ಚು ತೆಗೆದ, ಒಂದರಿಂದ ಬೆಳಕು ಅಳೆಯುವ ಯಂತ್ರ ತೆಗೆದು ಹಸನಬ್ಬನ ಮೂಗಿನ ಹತ್ತಿರ ಹಿಡಿದು ಏನನ್ನೋ ಓದಿ, 'ಬ್ಯೂಟಿಫುಲ್' ಅಂದ. ಮೂಗು ಚಂದವೋ ಬೆಳಕು ಚಂದವೋ ಹೇಳಲಿಲ್ಲ. ಆಮೇಲೆ ಪೆಟ್ಟಿಗೆ ಬಿಚ್ಚಿ ಕ್ಯಾಮೆರಾ ಹೊರಗಿಟ್ಟ. ಮರದ್ದು, ಹೊಚ್ಚ ಹೊಸದು, ಹಿತ್ತಾಳೆಯ ತಿರುಪುಗಳು ಮದುವೆ ಮನೆಯ ಚೆಂಬಿನ ಹಾಗೆ ಹೊಳೆಯುತ್ತಿದ್ದವು. ತಿದಿಯ ಮಡಿಕೆಗಳಲ್ಲಿ ಒಂದು ಕೂದಲಿನಷ್ಟೂ ಸವೆತ ಇಲ್ಲ. ಎಲ್ಲೋ ದೂರದೇಶದಲ್ಲಿ ಒಬ್ಬ ಮನುಷ್ಯ ವರ್ಷಕ್ಕೆ ಇಪ್ಪತ್ತೇ ಮಾಡುವುದಂತೆ. ವರ್ಷಕ್ಕೆ ಇಪ್ಪತ್ತು ಕ್ಯಾಮೆರಾ ಮಾಡುವವನಿಗೆ ಬೇರೆ ಕೆಲಸ ಇಲ್ಲವೇ ಎಂದು ಹಸನಬ್ಬನಿಗೆ ಅನಿಸಿತು. ಹೊರಗೆ ಅಂಗಡಿಯಲ್ಲಿ ಮಗ ನಿಝಾಮ್ ಯಾರದೋ ಆಧಾರ್ ಕಾರ್ಡನ್ನು ಜೆರಾಕ್ಸ್ ಮಾಡುತ್ತ ಬಾಗಿಲ ಸಂದಿಯಿಂದ ಇಣುಕಿ ನಗುತ್ತಿದ್ದ. ಸ್ಟುಡಿಯೋ ಈಗ ಅವನ ಜೆರಾಕ್ಸ್ ಅಂಗಡಿ. ಗೋಡೆಗೆ ಒಂದು ಬಿಳಿ ಪರದೆ ಉಂಟು. ಅದರ ಎದುರು ಜನ ನಿಲ್ಲುತ್ತಾರೆ, ನಿಝಾಮ್ ಮೊಬೈಲು ಎತ್ತುತ್ತಾನೆ, ಮುಗಿಯಿತು. ಅವರು ಅಲುಗಿದರೂ ಅಲುಗದಿದ್ದರೂ ಒಂದೇ.

"ಗುರುಗಳೇ," ಅಂದ ಡಾಕ್ಟರ. ಸುದರ್ಶನ ಅಂತ ಹೆಸರು, ನಲವತ್ತರ ಹತ್ತಿರದ ಪ್ರಾಯ. "ನನಗೆ ಈಗ ಸ್ಪೀಡು ಸಾಕಾಗಿದೆ. ಒಂದು ಫೋಟೋ ತೆಗೆಯಲಿಕ್ಕೆ ಅರ್ಧ ದಿವಸ ಬೇಕು ಅಂತ ಆಸೆ."

"ಅರ್ಧ ದಿವಸ ಯಾಕೆ ಡಾಕ್ಟ್ರೇ? ನಾವು ಮದುವೆ ಗ್ರೂಪ್ ತೆಗೆಯುವಾಗ ಐದು ನಿಮಿಷ ಜಾಸ್ತಿಯಾದರೆ ಮದುಮಗನ ಮಾವ ಬೈಯುತ್ತಿದ್ದ."

ಡಾಕ್ಟರ ತಲೆ ಹಿಂದೆ ಹಾಕಿ ನಕ್ಕ. ಹಲ್ಲು ಮಾತ್ರ ಚೊಕ್ಕವಾಗಿತ್ತು. ಗುರುಗಳೇ ಅನ್ನುವ ಮಾತು ಹಸನಬ್ಬನ ಕಿವಿಯಲ್ಲಿ ಮರಳಿನ ಹಾಗೆ ಕೂತುಬಿಟ್ಟಿತು. ಇಡೀ ಆಯುಷ್ಯದಲ್ಲಿ ಅವನನ್ನು ಜನ ಬ್ಯಾರಿಗಳೇ ಎಂದು ಕರೆದಿದ್ದಾರೆ, ಹಸನಬ್ಬಾಕ ಎಂದು ಕರೆದಿದ್ದಾರೆ, ಫೋಟೋ ತಡವಾದರೆ ಅದಕ್ಕಿಂತ ಕಡೆಯದನ್ನೂ ಕರೆದಿದ್ದಾರೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪುತ್ತೂರಿನ ಮಾಸ್ತರರೊಬ್ಬರ ಕೈಕೆಳಗೆ ಆರು ವರ್ಷ ಫಿಲ್ಮು ತೊಳೆಯುವ ಹೈಪೊ ಕಲಸಿ, ಟ್ರೇ ತೊಳೆದು, ಏಳನೆಯ ವರ್ಷ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಲು ಅಪ್ಪಣೆ ಸಿಕ್ಕಿದವನು. ಇವನು ಮೊಬೈಲಿನಲ್ಲಿ ಹತ್ತು ವೀಡಿಯೋ ನೋಡಿ, ಹನ್ನೊಂದನೆಯ ದಿವಸ ಕರಿ ಬಟ್ಟೆಯನ್ನೂ ತರಿಸಿಕೊಂಡಿದ್ದಾನೆ. ಅದರ ಹೊರಮೈ ಬಿಳಿ, ಒಳಮೈ ಕಪ್ಪು, ಅಂಚಿನಲ್ಲಿ ಚರಚರ ಅಂಟುವ ಪಟ್ಟಿ. ಹಸನಬ್ಬ ಆ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದ. ಅವನ ಕಾಲದ್ದು ಹೆಂಡತಿ ನೆಬೀಸಳ ಹಳೆಯ ಬುರ್ಖಾ, ಎರಡು ಪದರ ಮಾಡಿ ಹೊಲಿದದ್ದು. ಇದು ಒಳ್ಳೆಯದೇ ಇತ್ತು. ಒಳ್ಳೆಯದು ಎಂದು ಒಪ್ಪಬೇಕಾಗಿ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಹಾಗೆಂದು ಅವನು ಕಲಿಸಲಿಲ್ಲ ಎಂದಲ್ಲ. ಕಲಿಸಿದ. ಕ್ಯಾಮೆರಾದ ಹಿಂದಿನ ಮಬ್ಬು ಗಾಜಿನಲ್ಲಿ ಮನುಷ್ಯ ತಲೆಕೆಳಗಾಗಿ ಕಾಣುತ್ತಾನೆ, ಅದಕ್ಕೆ ಹೆದರಬಾರದು. ಕಣ್ಣಿನ ರೆಪ್ಪೆಯ ಮೇಲೆ ಫೋಕಸ್ ಹಿಡಿಯಬೇಕು, ಮೂಗಿನ ಮೇಲಲ್ಲ. ಫಿಲ್ಮು ಇಡುವ ಹೋಲ್ಡರಿನ ಮುಚ್ಚಳದ ಬಿಳಿ ಬದಿ ಹೊರಗಿದ್ದರೆ ತೆಗೆಯದ ಫಿಲ್ಮು, ಕರಿ ಬದಿ ಹೊರಗಿದ್ದರೆ ತೆಗೆದದ್ದು. ಡಾಕ್ಟರ ಎಲ್ಲದಕ್ಕೂ ತಲೆಯಾಡಿಸುತ್ತ ಬರೆದುಕೊಂಡ. ಫಿಲ್ಮು ಎಲ್ಲಿಂದ ತರುವುದು ಎಂದು ಹಸನಬ್ಬ ಕೇಳಿದಾಗ ಒಂದು ಹಳದಿ ಪೆಟ್ಟಿಗೆ ತೆಗೆದ.

"ಎಕ್ಸ್‌ರೇ ಫಿಲ್ಮು! ಆಸ್ಪತ್ರೆಯವರದ್ದು. ಶುರು ಮಾಡುವವರೆಲ್ಲ ಇದರಲ್ಲೇ ಕಲಿಯುದಂತೆ. ಕೆಂಪು ದೀಪದಲ್ಲಿ ಕತ್ತರಿಸಿ ಹಾಕುದು. ದೊಡ್ಡ ಉಪಕಾರ ಎಂತ ಅಂದರೆ, ಇದಕ್ಕೆ ಎರಡೂ ಬದಿಗೆ ಬೆಳಕು ಹಿಡಿಯುವ ಮದ್ದು ಬಳಿದಿರ್ತದೆ. ಹೇಗೆ ಹಾಕಿದರೂ ಆಯಿತು. ಉಲ್ಟಾ ಅಂತ ಒಂದು ಇಲ್ಲವೇ ಇಲ್ಲ."

ಹಸನಬ್ಬ ಆ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಉಲ್ಟಾ ಅಂತ ಒಂದು ಇಲ್ಲ. ತಪ್ಪಲು ಜಾಗವೇ ಇಲ್ಲದ ಕೆಲಸವನ್ನು ಇವನು ಕಸುಬು ಅಂತ ಕಲಿಯುತ್ತಿದ್ದಾನೆ. ಬಾಯಿ ಒಣಗಿತ್ತು, ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು, ನೋಂಬು ತೆರೆಯಲು ಇನ್ನೂ ಎರಡು ಗಂಟೆ ಹತ್ತಿರ ಇತ್ತು.

"ನಿಮ್ಮ ಕಾಲದಲ್ಲಿ ಕತ್ತಲಲ್ಲಿ ಯಾವ ಬದಿ ಅಂತ ಹೇಗೆ ಗೊತ್ತಾಗ್ತಿತ್ತು ಗುರುಗಳೇ?"

"ತುಟಿಗೆ ತಾಗಿಸುದು."

"ತುಟಿಗೆ?"

"ಮೂಲೆಯನ್ನು ಕೆಳತುಟಿಗೆ ತಾಗಿಸುದು. ಮದ್ದಿನ ಬದಿ ಸ್ವಲ್ಪ ಹಿಡಿಯುತ್ತದೆ. ಬೆನ್ನಿನ ಬದಿ ಜಾರುತ್ತದೆ."

"ಅಬ್ಬಾ!" ಡಾಕ್ಟರ ಪೆನ್ನು ಎತ್ತಿದ. "ಇದು ಯಾವ ವೀಡಿಯೋದಲ್ಲೂ ಇಲ್ಲ ಮಾರಾಯ್ರೆ." ಬರೆದುಕೊಂಡು, ಪುಸ್ತಕ ಮುಚ್ಚಿ, ಎಷ್ಟೋ ಹೊತ್ತಿನಿಂದ ಕಾದಿಟ್ಟ ತಮಾಷೆಯನ್ನು ಹೊರಗೆ ತೆಗೆಯುವವನ ಹಾಗೆ ಮುಂದೆ ಬಾಗಿದ. "ನಾನು ಯಾರ ಮಗ ಅಂತ ಗೊತ್ತಾಗಲಿಲ್ಲ ಅಲ್ಲವಾ ನಿಮಗೆ? ಐವರ್ನಾಡಿನ ಯಜ್ಞೇಶ್ವರ ಭಟ್ರ ಮಗ. ನಮ್ಮ ಅಮ್ಮನ ಫೋಟೋ ನೀವು ತೆಗೆದಿದ್ದಿರಿ. ತೆಗೆದಿದ್ದಿರಿ ಅಂತಲ್ಲ, ಅಮ್ಮ ಅಲುಗಿಬಿಟ್ಟು ಹಾಳಾಯಿತಂತೆ. ನಾನು ಹುಟ್ಟುವ ಮೊದಲು ಒಬ್ಬಳು ಅಕ್ಕ ಇದ್ದಳು, ಸುಪ್ರೀತಾ ಅಂತ. ಆ ವರ್ಷ ಆಟಿಯ ಮಳೆಯಲ್ಲಿ ಜ್ವರ ಬಂದು ತೀರಿಹೋದಳು. ಅವಳದ್ದು ಅಂತ ಇದ್ದದ್ದು ಅಮ್ಮನ ಮಡಿಲಲ್ಲಿ ಕೂತ ಅದೊಂದೇ ಫೋಟೋ. ಅಜ್ಜಿ ಸಾಯುವವರೆಗೂ ಅಮ್ಮನಿಗೆ ಹೇಳ್ತಿದ್ದರು, ಕೂತಲ್ಲಿ ಕೂರಲಿಕ್ಕೆ ಬಾರದವಳು ಅಂತ. ಅಪ್ಪ ಈಗಲೂ ತಮಾಷೆ ಮಾಡ್ತಾರೆ. ಅಮ್ಮ ಯಾವ ಫೋಟೋಕ್ಕೂ ನಿಲ್ಲುದಿಲ್ಲ. ನನ್ನ ಮದುವೆಯದ್ದರಲ್ಲೂ ಬೆನ್ನು ಮಾತ್ರ ಉಂಟು. ಅದಕ್ಕೇ ನಾನು ಯೋಚನೆ ಮಾಡಿದ್ದು, ಮೊದಲನೇ ಫೋಟೋ ಅವರದ್ದೇ. ನಾಲ್ಕು ಸೆಕೆಂಡ್ ಎಕ್ಸ್‌ಪೋಶರ್. ನೋಡುವ, ಈ ಸಲ ಕೂರ್ತಾರಾ ಅಂತ. ನೀವೂ ಬರಬೇಕು. ನಾಳೆ ಅಲ್ಲ, ಅದರ ಆಚೆ ಭಾನುವಾರ, ಕ್ಲಿನಿಕ್ಕಿಗೆ ರಜೆ."

ಹಸನಬ್ಬ ಬರುತ್ತೇನೆ ಅಂದ. ಹೇಗೆ ಅಂದ ಎಂದು ಅವನಿಗೇ ಗೊತ್ತಾಗಲಿಲ್ಲ. ಡಾಕ್ಟರ ಹಿತ್ತಾಳೆಯ ತಿರುಪುಗಳನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಪೆಟ್ಟಿಗೆಗೆ ಹಾಕುವಾಗ, ಹಸನಬ್ಬ ಅವನ ಕುತ್ತಿಗೆಯ ಹಿಂಭಾಗವನ್ನೇ ನೋಡುತ್ತಿದ್ದ. ತಾಯಿಯನ್ನು ನಲವತ್ತು ವರ್ಷ ಹಂಗಿಸಿದ್ದನ್ನು ತಮಾಷೆ ಎಂದು ಹೇಳುವ ಮಗ. ಒಂಬತ್ತು ಜೇಬು ಹೊಲಿಸಿಕೊಂಡವನು. ಅವನನ್ನು ಎಷ್ಟು ಕೀಳು ಮಾಡಿ ನೋಡಿದರೂ ಅದೇ ಕಣ್ಣು ತಿರುಗಿ ತನ್ನ ಮೇಲೇ ಬರುತ್ತಿತ್ತು.

ನಲವತ್ತು ವರ್ಷದ ಹಿಂದೆ, ಆ ಫೋಟೋ ತೆಗೆದ ವರ್ಷ, ರಂಝಾನ್ ಮೇ ತಿಂಗಳಲ್ಲಿ ಬಂದಿತ್ತು. ಮಳೆ ಹಿಡಿಯದೆ ಮೋಡ ಮಾತ್ರ ಕಟ್ಟಿ, ಮನುಷ್ಯರನ್ನು ಹಬೆಯಲ್ಲಿಟ್ಟ ಹಾಗಿದ್ದ ದಿವಸಗಳು. ಮಂಗಳೂರಿನಿಂದ ತಂದ ದೊಡ್ಡ ಹಾಳೆಯನ್ನು ಹಸನಬ್ಬ ಕತ್ತಲಲ್ಲೇ ಎರಡು ತುಂಡು ಮಾಡಿ ಹೋಲ್ಡರಿಗೆ ಹಾಕುತ್ತಿದ್ದ. ಬದಿ ಗೊತ್ತಾಗಲಿ ಎಂದು ಕಂಪೆನಿಯವರು ಹಾಳೆಯ ಮೂಲೆಯಲ್ಲಿ ಕೊರೆದ ಕಚ್ಚು ಒಂದು ತುಂಡಿಗೆ ಹೋಗುತ್ತಿತ್ತು. ಇನ್ನೊಂದು ತುಂಡು ಗುರುತಿಲ್ಲದ್ದು. ಆ ಫಿಲ್ಮಿಗೆ ಕೆಂಪು ದೀಪವೂ ಆಗುತ್ತಿರಲಿಲ್ಲ. ತುಟಿಯೊಂದೇ ದಾರಿ. ಆದರೆ ಮದ್ದನ್ನು ಹಿಡಿದಿಡುವ ಅಂಟು ಯಾವುದೋ ಪ್ರಾಣಿಯ ಎಲುಬು ಬೇಯಿಸಿ ತೆಗೆದದ್ದು ಎಂದು ಮಾಸ್ತರರು ಹಿಂದೆ ಒಮ್ಮೆ ಹೇಳಿದ್ದರು, ಯಾವ ಪ್ರಾಣಿ ಎಂದು ಅವರಿಗೂ ಗೊತ್ತಿರಲಿಲ್ಲ. ಮೊದಲೇ ನೋಂಬು, ಮೇಲೆ ಅದೂ ಒಂದು ಸಂಶಯ. ಹಾಗಾಗಿ ರಂಝಾನ್ ತಿಂಗಳಿಡೀ ಅವನು ಸಂಜೆ ನೋಂಬು ತೆರೆದ ಮೇಲೆಯೇ ಮರುದಿನದ ಹೋಲ್ಡರುಗಳನ್ನು ತುಂಬಿಸಿಡುತ್ತಿದ್ದ. ಎಲ್ಲರೂ ಮೆಚ್ಚುವ ಕ್ರಮ ಅದು. ಪಳ್ಳಿಯಲ್ಲಿ ನಮಾಝು ಮಾಡಿಸುವ ಉಸ್ತಾದರಿಗೆ ಹೇಳಿದಾಗ ಅವರೂ ತಲೆದೂಗಿದ್ದರು. ತುಂಬಿಸಿಟ್ಟದ್ದು ಎರಡು. ಆ ದಿವಸ ಬೆಳಿಗ್ಗೆಯೇ ಎರಡೂ ಮುಗಿದವು. ಮಧ್ಯಾಹ್ನ ಹನ್ನೆರಡಕ್ಕೆ ಭಟ್ರ ಜೀಪು ಬಂತು. ಮಗುವಿಗೆ ಅನ್ನ ಉಣಿಸುವ ದಿವಸ ಇತ್ತಂತೆ, ಫೋಟೋ ಬೇಕು, ಈಗಲೇ ಬೇಕು, ಮಗು ಎದ್ದರೆ ಕೂರುವುದಿಲ್ಲ.

ಅವನು ಕತ್ತಲ ಕೋಣೆಗೆ ಹೋದ. ಗುರುತಿಲ್ಲದ ತುಂಡು ಕೈಗೆ ಬಂತು. ತುಟಿಯ ತನಕ ತಂದದ್ದು ಈಗಲೂ ನೆನಪು ಉಂಟು. ತುದಿ ಮೂಗಿಗೆ ತಾಗಿ, ಮದ್ದಿನ ತಣ್ಣನೆಯ ವಾಸನೆ ಬಂದದ್ದು. ಬಾಯಿ ಬಿಗಿಯಾಗಿ ಮುಚ್ಚಿದ. ಬೆರಳಲ್ಲಿ ತಿಕ್ಕಿ ನೋಡಿದ. ಬೆವರಿದ ಬೆರಳಿಗೆ ಎರಡು ಬದಿಯೂ ಒಂದೇ. ಇದೇ ಇರಬೇಕು ಎಂದು ಹಾಕಿದ. ಹೊರಗೆ ಬಂದು ಕ್ಯಾಮೆರಾದ ಹಿಂದೆ ನಿಂತಾಗ, ಸ್ಟೂಲಿನ ಮೇಲೆ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಮಗುವನ್ನು ಎದೆಗೊತ್ತಿ ಕೂತಿದ್ದಳು. ಮಬ್ಬು ಗಾಜಿನಲ್ಲಿ ಇಬ್ಬರೂ ತಲೆಕೆಳಗಾಗಿದ್ದರು, ಒಂದು ಗೊಂಚಲಿನ ಹಾಗೆ. ಎರಡು ಸೆಕೆಂಡು. ಲೆನ್ಸಿನ ಮುಚ್ಚಳ ತೆಗೆದ, ಹಾಕಿದ. ಭಟ್ರು ಬಾಗಿಲಲ್ಲಿ ನಿಂತು ಜೀಪಿನ ಕೀಲಿ ಆಡಿಸುತ್ತಿದ್ದರು.

ಸಂಜೆ ನೋಂಬು ತೆರೆದು ಕತ್ತಲಲ್ಲಿ ಆ ಫಿಲ್ಮನ್ನು ಹೋಲ್ಡರಿನಿಂದ ಎತ್ತಿದವನು ಅಭ್ಯಾಸಬಲದಿಂದ ತುಟಿಗೆ ತಾಗಿಸಿದ. ಮೇಲಿದ್ದ ಬದಿ ಜಾರಿತು. ಅಷ್ಟೇ. ತೊಳೆಯುವ ಮೊದಲೇ ಗೊತ್ತಾಗಿಹೋಯಿತು. ಬೆನ್ನಿನ ಬದಿಗೆ ಬಳಿದ ಬಣ್ಣವನ್ನು ದಾಟಿ ಬರಬೇಕಾದ ಬೆಳಕು ಅಲ್ಲೇ ಸತ್ತು, ಉಳಿದದ್ದು ಬೂದಿ ಉಜ್ಜಿದ ಹಾಗಿನ ಒಂದು ತೆಳು ನೆರಳು. ವಾರ ಬಿಟ್ಟು ಭಟ್ರು ಬಂದಾಗ ಹಸನಬ್ಬನಿಗೆ ಆಗಲೂ ನೋಂಬು. "ಅಮ್ಮ ಸ್ವಲ್ಪ ಅಲುಗಿದರು ಭಟ್ರೇ, ಹಾಳಾಯಿತು. ಇನ್ನೊಮ್ಮೆ ಕರೆದುಕೊಂಡು ಬನ್ನಿ, ತೆಗೆದುಕೊಡುತ್ತೇನೆ" ಅಂದ. ಸಣ್ಣ ಮಾತು. ಎಲ್ಲ ಸ್ಟುಡಿಯೋದವರೂ ಹೇಳುವ ಮಾತು. ಇನ್ನೊಮ್ಮೆ ಬಂದಾಗ ಸರಿಯಾಗುವ ಮಾತು. ಇನ್ನೊಮ್ಮೆ ಬರಲಿಲ್ಲ. ಎಲುಬಿನ ಅಂಟು ತಾಗಬಾರದು ಎಂದು ಮುಚ್ಚಿದ ಬಾಯಿ ಅದು. ಅದೇ ನೋಂಬಿನ ಬಾಯಿಯಿಂದ ಆ ಸುಳ್ಳು ಹೇಳಿದ.

ಭಟ್ರ ಜೀಪು ಹೋದ ಮೇಲೆ ಆ ಫಿಲ್ಮನ್ನು ಬಿಸಾಡಲು ಎತ್ತಿಕೊಂಡಿದ್ದ, ಬಿಸಾಡಲಿಲ್ಲ. ಕಾಗದದ ಕರಿ ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯ ಅಡಿಗೆ ಇಟ್ಟ. ಕರುಣೆಯಿಂದ ಇಟ್ಟದ್ದು ಎಂದು ಬಹಳ ಕಾಲ ತನಗೆ ತಾನೇ ಹೇಳಿಕೊಂಡಿದ್ದ. ನಿಜ ಎಂತ ಅಂದರೆ ಹೆದರಿಕೆ. ಎಷ್ಟು ತೆಳುವಾಗಿದ್ದರೂ ಆ ಫಿಲ್ಮಿನಲ್ಲಿ ರೆಪ್ಪೆಯ ಗೆರೆ ಗೆರೆಯಾಗಿಯೇ ಇತ್ತು. ಅಲುಗಿದ್ದರೆ ಗೆರೆ ಇರುವುದಿಲ್ಲ. ಕಸಕ್ಕೆ ಹಾಕಿ, ಯಾರಾದರೂ ಕಸುಬು ಗೊತ್ತಿದ್ದವನು ಎತ್ತಿ ನೋಡಿದರೆ?

ಡಾಕ್ಟರ ಬಂದುಹೋದ ಸಂಜೆ ಖರ್ಜೂರ ಬಾಯಿಗಿಟ್ಟು ನೀರು ಕುಡಿದ ಮೇಲೆ ಅವನು ನೆಬೀಸಳಿಗೆ ಎಲ್ಲ ಹೇಳಿದ. ನೆಬೀಸ ಬಡಿಸುವುದನ್ನು ನಿಲ್ಲಿಸಲಿಲ್ಲ. ಅವಳು ಇಡೀ ಆಯುಷ್ಯದಲ್ಲಿ ಫೋಟೋಕ್ಕೆ ಕೂತದ್ದು ಒಂದೇ ಸಲ, ಮೆಕ್ಕಾಕ್ಕೆ ಉಮ್ರಾ ಯಾತ್ರೆಯ ಪಾಸ್‌ಪೋರ್ಟಿಗೆ, ಅದನ್ನೂ ನಿಝಾಮನೇ ತೆಗೆದದ್ದು. ಗಂಡನ ಕ್ಯಾಮೆರಾದ ಎದುರು ಅವಳು ನಿಂತವಳಲ್ಲ.

"ಆ ಕರಿ ಲಕೋಟೆಯಾ?" ಅಂದಳು. "ಪ್ರತಿ ಸಲ ಮನೆಗೆ ಸುಣ್ಣ ಬಳಿಯುವಾಗ ನೀವೇ ಎತ್ತಿ ಇಡ್ತೀರಿ. ನಾನು ಯಾವುದೋ ಹೆಣ್ಣಿನದ್ದು ಅಂತ ತಿಳ್ಕೊಂಡಿದ್ದೆ."

"ಹೆಣ್ಣಿನದ್ದೇ."

"ಥೂ, ನಾನು ತಿಳಿದದ್ದು ನಿಮ್ಮದೊಂದು ಹೆಣ್ಣು ಅಂತ." ಅಕ್ಕಿ ಪತ್ತಿರಿಯ ರೊಟ್ಟಿಯ ತಟ್ಟೆಯನ್ನು ಅವನ ಕಡೆ ದೂಡಿದಳು. "ಇಷ್ಟು ವರ್ಷ ನೋಂಬು ಹಿಡಿದದ್ದು ಹೊಟ್ಟೆಗೆ ಮಾತ್ರವಾ?"

ಅವನು ತಟ್ಟೆಯನ್ನು ಹಿಂದಕ್ಕೆ ಸರಿಸಿದ. "ತಿನ್ನಿ ಈಗ," ಅಂದಳು ಅವಳು. "ಹೋಗಿ ಕೊಟ್ಟು ಬನ್ನಿ. ಆ ಮಗನ ಕೈಯಲ್ಲಿ ಕೊಡಬೇಡಿ. ಅವಳ ಕೈಯಲ್ಲಿ ಕೊಡಿ."

ಪುತ್ತೂರಿನ ಕ್ಲಿನಿಕ್ಕು ದರ್ಬೆಯ ಹತ್ತಿರ ಎರಡನೇ ಮಹಡಿಯಲ್ಲಿತ್ತು. ಹನ್ನೊಂದನೆಯ ನೋಂಬು, ಭಾನುವಾರ, ಮಧ್ಯಾಹ್ನ ಎರಡೂವರೆ. ಹಸನಬ್ಬ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ. ಅಂಗಿಯ ಜೇಬಿನಲ್ಲಿ ಲಕೋಟೆ ಎದೆಗೆ ಒತ್ತುತ್ತಿತ್ತು. ಬಾಗಿಲು ತೆರೆದವನೇ ಡಾಕ್ಟರ ಗುರುಗಳೇ ಎಂದು ಕಾಲು ಮುಟ್ಟಲು ಬಗ್ಗಿದ, ಹಸನಬ್ಬ ಹಿಂದೆ ಸರಿದ. ಒಳಗೆ ಯಜ್ಞೇಶ್ವರ ಭಟ್ರು ರೋಗಿಗಳ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಎಂಬತ್ತರ ಹತ್ತಿರ, ದನಿ ಮಾತ್ರ ಜೀಪು ಓಡಿಸಿದಾಗಿನದ್ದೇ.

"ಎಂತ ಬ್ಯಾರಿಗಳೇ, ಜೀವ ಉಂಟಾ? ನೋಡಿ ನೋಡಿ, ಈ ಸಲ ನನ್ನ ಮಗ ಎಂಥ ಐಡಿಯಾ ಮಾಡಿದ್ದಾನೆ. ಅಲುಗಲಿಕ್ಕೆ ಸಾಧ್ಯವೇ ಇಲ್ಲ!"

ಹಸನಬ್ಬ ನೋಡಿದ. ಕಿಟಕಿಯ ಬೆಳಕಿಗೆ ಮುಖ ಮಾಡಿ, ಹಲ್ಲು ಕೀಳುವ ಕುರ್ಚಿಯ ಮೇಲೆ ಡಾಕ್ಟರನ ಅಮ್ಮ ಮನೋರಮಮ್ಮ ಕೂತಿದ್ದರು. ಕುರ್ಚಿಯ ಬೆನ್ನು ನೆಟ್ಟಗೆ ಎತ್ತಿ, ತಲೆ ಇಡುವ ದಿಂಬನ್ನು ಕುತ್ತಿಗೆಯ ಹಿಂದೆ ಬಿಗಿಮಾಡಿ, ಎರಡು ಕಡೆಯೂ ಸ್ಪಂಜು ಒತ್ತಿದ್ದ ಮಗ. ಹಸಿರು ಅಂಚಿನ ಸೀರೆ, ಬಿಳಿ ಕೂದಲು. ಉಗುಳುವ ಪಿಂಗಾಣಿ ಬಟ್ಟಲು ಮೊಣಕೈಯ ಹತ್ತಿರವೇ ಇತ್ತು. ಡಾಕ್ಟರ ಅದರ ಮೇಲೊಂದು ಟವಲು ಹಾಕಿದ್ದ, ಕಲೆ ಗೊತ್ತಿದ್ದವನು. ಹಸನಬ್ಬನಿಗೆ ನಗು ಬರುವಷ್ಟು ಅಸಹ್ಯವಾಯಿತು. ಹಿಂದಿನ ಕಾಲದಲ್ಲಿ ಫೋಟೋಕ್ಕೆ ಕೂತವರ ತಲೆಯ ಹಿಂದೆ ಕಬ್ಬಿಣದ ಕವಲು ನಿಲ್ಲಿಸುತ್ತಿದ್ದರೆಂದು ಮಾಸ್ತರರು ಹೇಳಿದ್ದುಂಟು; ಅವರು ಕೂಡ ಅದನ್ನು ಮೂಲೆಗೆ ಹಾಕಿದ್ದರು. ಮನೋರಮಮ್ಮನ ಕಣ್ಣು ಅವನ ಮೇಲೆ ಬಿತ್ತು, ನಿಂತಿತು. ಗುರುತಿನ ನಗು ಇಲ್ಲ, ಸಿಟ್ಟೂ ಇಲ್ಲ. ಬಸ್ಸಿನಲ್ಲಿ ಎದುರು ಸೀಟಿನವರನ್ನು ನೋಡುವ ನೋಟ.

"ಫೋಕಸ್ ನೀವೇ ನೋಡಿ ಗುರುಗಳೇ."

ಅವನು ಕರಿ ಬಟ್ಟೆಯೊಳಗೆ ತಲೆ ಹಾಕಿದ. ಎಷ್ಟು ವರ್ಷವಾಗಿತ್ತು. ಒಳಗಿನ ಬಿಸಿ, ತನ್ನದೇ ಒಣ ಬಾಯಿಯ ವಾಸನೆ. ಮಬ್ಬು ಗಾಜಿನಲ್ಲಿ ಅವರು ತಲೆಕೆಳಗಾಗಿ ತೂಗುತ್ತಿದ್ದರು. ರೆಪ್ಪೆಯ ಮೇಲೆ ಫೋಕಸ್ ಹಿಡಿದ. ಅವರು ಕಣ್ಣು ಮಿಟುಕಿಸಲೇ ಇಲ್ಲ. ತೋಳಿನ ಮಡಿಕೆಯಲ್ಲಿ, ಮಗು ಇರಬೇಕಾದ ಜಾಗದಲ್ಲಿ, ಒಂದು ಕೈ ಇನ್ನೊಂದರ ಮೇಲೆ ಅಂದಿನ ಹಾಗೇ ಮಡಚಿಕೊಂಡಿತ್ತು. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ.

"ಅಲುಗಬೇಡ ಮನೋರಮಾ," ಭಟ್ರು ಸೋಫಾದಿಂದ ಕೂಗಿದರು. "ನಾಲ್ಕು ಸೆಕೆಂಡು. ನಿನ್ನ ಕೈಯಲ್ಲಿ ಆಗುದಿಲ್ಲ ಅಂತ ನನಗೆ ಗೊತ್ತುಂಟು, ಆದರೂ."

ಡಾಕ್ಟರ ಗಟ್ಟಿಯಾಗಿ ಎಣಿಸಿದ. ನಾಲ್ಕಕ್ಕೆ ಮುಚ್ಚಿದ. ಹೋಲ್ಡರಿನ ಮುಚ್ಚಳದ ಕರಿ ಬದಿ ಹೊರಗೆ ಮಾಡಿ ಹಾಕಿದ್ದನ್ನು ಹಸನಬ್ಬ ಗಮನಿಸಿದ, ಅಷ್ಟನ್ನು ಕಲಿತಿದ್ದಾನೆ. "ಅಪ್ಪಾ, ಬನ್ನಿ, ಮ್ಯಾಜಿಕ್ ತೋರಿಸ್ತೇನೆ. ಗುರುಗಳೇ?" ಹೈಪೊ ವಾಸನೆ ಆಗುದಿಲ್ಲ, ನೋಂಬು ಅಂದ ಹಸನಬ್ಬ. ಅಪ್ಪನೂ ಮಗನೂ ಹಿಂದಿನ ಎಕ್ಸ್‌ರೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲಡಿಯಲ್ಲಿ ಕೆಂಪು ಬೆಳಕಿನ ಗೆರೆ ಕಾಣಿಸಿತು.

ಮನೋರಮಮ್ಮ ಕುರ್ಚಿಯಿಂದ ಏಳಲಿಲ್ಲ. ಒಂದೊಂದಾಗಿ ಸ್ಪಂಜು ತೆಗೆದು ಟವಲಿನ ಮೇಲೆ ಇಟ್ಟರು.

"ಅಮ್ಮಾ," ಅಂದ ಹಸನಬ್ಬ. ಎಂಟು ದಿವಸದಿಂದ ಸಾಲು ಜೋಡಿಸಿಟ್ಟಿದ್ದ, ಒಂದೂ ಬರಲಿಲ್ಲ. "ಅವತ್ತು ನೀವು ಅಲುಗಿದ್ದಲ್ಲ. ನಾನು ಫಿಲ್ಮು ಉಲ್ಟಾ ಹಾಕಿದ್ದು."

"ಗೊತ್ತುಂಟು."

"ಉಲ್ಟಾ ಹಾಕಿದ್ದು ಗೊತ್ತುಂಟಾ?"

"ಉಲ್ಟಾ ಗಿಲ್ಟಾ ನನಗೆ ಎಂತ ಗೊತ್ತು. ನಾನು ಅಲುಗಲಿಲ್ಲ ಅಂತ ಗೊತ್ತುಂಟು." ಅವರ ದನಿ ತಗ್ಗಿಯೇ ಇತ್ತು. "ಮಗು ನಿದ್ದೆ ಮಾಡಿತ್ತು ಬ್ಯಾರಿಗಳೇ. ನಿದ್ದೆ ಮಾಡಿದ ಮಗುವನ್ನು ಹಿಡಿದವಳು ಅಲುಗ್ತಾಳಾ? ಇವರಿಗೆ ಯಾರಿಗೂ ಅಷ್ಟು ಯೋಚನೆ ಬರಲಿಲ್ಲ. ಅತ್ತೆಗೆ ಬರಲಿಲ್ಲ, ಅವರೂ ಹೆತ್ತವರೇ. ನೀವು ಹೇಳಿದಿರಿ, ಇವರು ನಂಬಿದರು. ಒಂದು ದಿವಸ ಕೂಡ ನನ್ನ ಹತ್ತಿರ ಕೇಳಲಿಲ್ಲ, ಅಲುಗಿದ್ದೆಯಾ ಅಂತ. ಕೇಳಿದ್ದರೆ ಹೇಳ್ತಿದ್ದೆ."

ಹಸನಬ್ಬ ಲಕೋಟೆ ತೆಗೆದ. ಎಳೆದ ರಭಸಕ್ಕೆ ಅದರ ಹಳೆಯ ಅಂಚು ಹರಿಯಿತು. ಫಿಲ್ಮು ಹೊರಬಂತು, ಬರಿಗಣ್ಣಿಗೆ ಏನೂ ಇಲ್ಲದ, ಹೊಗೆ ಹಿಡಿದ ತುಂಡು. ಮದ್ದಿನ ಬದಿ ಮೇಲೆ ಮಾಡಿ ಕೊಡಬೇಕಿತ್ತು. ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿದ, ಕಣ್ಣು ಮಂಜಾಗಿ ಗೊತ್ತಾಗಲಿಲ್ಲ. ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಮೂಲೆಯನ್ನು ಕೆಳತುಟಿಗೆ ತಾಗಿಸಿದ. ಹಿಡಿಯಿತು. ಒಣಗಿ ಬಿರಿದ ತುಟಿಯಿಂದ ಫಿಲ್ಮನ್ನು ಬಿಡಿಸುವಾಗ ಚುರುಕ್ ಅಂದಿತು. ಕ್ಯಾಮೆರಾದ ಮೇಲಿದ್ದ ಕರಿ ಬಟ್ಟೆಯನ್ನು ಎಳೆದು, ಅವರ ಮಡಿಲಿನ ಮೇಲೆ ಕಪ್ಪು ಬದಿ ಮೇಲಾಗಿ ಹಾಸಿ, ಅದರ ಮೇಲೆ ಇಟ್ಟ.

"ತೆಳು ಫಿಲ್ಮು ಕಪ್ಪಿನ ಮೇಲೆ ಇಟ್ಟರೆ ಕಾಣುತ್ತದೆ. ಸ್ವಲ್ಪ ಓರೆ ಮಾಡಿ. ಹಾಗೆ. ಇನ್ನೂ ಸ್ವಲ್ಪ."

ಅವರು ಓರೆ ಮಾಡಿದರು. ಹಸನಬ್ಬನಿಗೆ ತಾನು ನಿಂತಲ್ಲಿಂದ ಏನೂ ಕಾಣುತ್ತಿರಲಿಲ್ಲ. ಅವರ ಮುಖ ಮಾತ್ರ ಕಾಣುತ್ತಿತ್ತು. ಯಾವ ಕ್ಷಣಕ್ಕೆ ಬೂದಿಯೊಳಗಿಂದ ಮಗು ಎದ್ದುಬಂತು ಎಂದು ಆ ಮುಖದಲ್ಲೇ ಗೊತ್ತಾಯಿತು. ಅವರು ಉಸಿರು ಹಿಡಿದಿದ್ದರು.

"ಮುಷ್ಟಿ ಕಟ್ಟಿಕೊಂಡಿದ್ದಾಳೆ," ಅಂದರು. "ಅವಳು ಮಲಗಿದರೆ ಹಾಗೇ."

ಆಮೇಲೆ ತಲೆ ಎತ್ತಿ, "ಇದು ಇಷ್ಟು ವರ್ಷ ನಿಮ್ಮ ಹತ್ತಿರ ಇತ್ತಾ?" ಎಂದು ಕೇಳಿದರು. ಹೌದು ಅಂದ. ಎದುರಿಗಿರುವುದು ಮನುಷ್ಯನೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳುವವರ ಹಾಗೆ ಅವರು ಅವನನ್ನು ನೋಡಿದರು. ಅವನು ಡಾಕ್ಟರನ ಜೇಬುಗಳ ಮೇಲೆ ಹಾಕಿದ ನೋಟವೆಲ್ಲ ಇದರ ಎದುರು ಮಕ್ಕಳಾಟ. "ಕ್ಷಮೆ ಕೇಳ್ಬೇಡಿ," ಅಂದರು. "ನನಗೆ ಹೇಳಿದ್ದು ಸಾಕು. ಅವರಿಗೆ ಹೇಳಿ. ಅವತ್ತು ಹೇಳಿದ್ದು ಅವರಿಗಲ್ಲವಾ?"

ಬಾಗಿಲು ತೆರೆಯಿತು. ಡಾಕ್ಟರ ಒದ್ದೆ ಫಿಲ್ಮನ್ನು ಕ್ಲಿಪ್ಪಿನಲ್ಲಿ ನೇತುಹಾಕಿ ಎತ್ತಿಕೊಂಡು ಬಂದ. ಹನಿ ನೆಲಕ್ಕೆ ಬೀಳುತ್ತಿತ್ತು. ನೆಗೆಟಿವ್ ಆದ್ದರಿಂದ ಕರಿ ಮುಖದ, ಕರಿ ಕೂದಲಿನ ಒಬ್ಬಳು ಹೆಂಗಸು, ಒಂದೊಂದು ಸುಕ್ಕೂ ಸೂಜಿಯಲ್ಲಿ ಗೀರಿದ ಹಾಗೆ.

"ಶಾರ್ಪ್! ರೇಜರ್ ಶಾರ್ಪ್!"

"ನೋಡಿದೆಯಾ," ಭಟ್ರು ಹೆಂಡತಿಗೆ ಹೇಳಿದರು. "ಕಟ್ಟಿಹಾಕಿದರೆ ಕೂರ್ತೀ ಮಾರಾಯ್ತಿ. ನಲವತ್ತು ವರ್ಷದ ಮೊದಲೇ ಈ ಕುರ್ಚಿ ಇದ್ದರೆ ಆಗ್ತಿತ್ತು."

ಹಸನಬ್ಬ ಹೇಳಿದ. ನಿಂತುಕೊಂಡೇ, ಶಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗೆ, ನೋಂಬು, ಗುರುತಿಲ್ಲದ ತುಂಡು, ಮುಚ್ಚಿದ ತುಟಿ, ಸಂಜೆ ಜಾರಿದ ಬದಿ, ವಾರದ ನಂತರ ಬಾಗಿಲಲ್ಲಿ ಹೇಳಿದ ಸುಳ್ಳು, ಎಲ್ಲ ಹೇಳಿದ. ಆಮೇಲೆ ಭಟ್ರು ನಕ್ಕರು. ಒಳ್ಳೆಯ ನಗು, ಕೆಡುಕಿಲ್ಲದ್ದು.

"ಅಯ್ಯೋ ಬ್ಯಾರಿಗಳೇ, ನಿಮ್ಮದು ದೊಡ್ಡ ಗುಣ. ಇವಳಿಗೆ ಬೇಜಾರಾಗಬಾರದು ಅಂತ ತಪ್ಪನ್ನು ನೀವು ತಲೆಗೆ ಹಾಕ್ಕೊಳ್ಳುದಾ? ಬೇಡ, ಬೇಡ. ಅವಳಿಗೆ ಅಭ್ಯಾಸ ಆಗಿದೆ."

"ನಾನು ಸತ್ಯ ಹೇಳುದು ಭಟ್ರೇ. ರಂಝಾನಿನಲ್ಲಿ ನಿಂತು ಹೇಳ್ತಿದ್ದೇನೆ."

"ಅವತ್ತೂ ರಂಝಾನೇ ಇತ್ತಲ್ಲ," ಅಂದರು ಭಟ್ರು ನಗುತ್ತಲೇ, ಮತ್ತು ಸೋಫಾಕ್ಕೆ ಹೋಗಿ ಕೂತರು.

ಡಾಕ್ಟರನ ಮುಖ ಹೊಳೆಯುತ್ತಿತ್ತು. "ಗುರುಗಳೇ, ಇದು ಎಂಥ ಸ್ಟೋರಿ! ಇದನ್ನು ಇನ್ನೊಮ್ಮೆ ಹೇಳ್ತೀರಾ, ಹೀಗೇ, ಕಿಟಕಿಯ ಹತ್ತಿರ ನಿಂತು? ನಾನು ಮೊಬೈಲಲ್ಲಿ ತೆಗೀತೇನೆ. ತುಟಿ ಒಂದು ಕ್ಲೋಸಪ್. ಅಮ್ಮಾ, ಆ ಹಳೇ ನೆಗೆಟಿವ್ ಇಲ್ಲಿ ಕೊಡಿ. ಸ್ಕ್ಯಾನ್ ಮಾಡಿದರೆ ಸಾಕು, ಎಲ್ಲ ಎದ್ದು ಬರ್ತದೆ. ದೊಡ್ಡದು ಮಾಡಿ ಎರಡನ್ನೂ ಅಕ್ಕಪಕ್ಕ ಕ್ಲಿನಿಕ್ಕಿನ ಗೋಡೆಗೆ ಹಾಕುವ."

ಮನೋರಮಮ್ಮ ಕುರ್ಚಿಯಿಂದ ಇಳಿದರು. ಮಗ ಚಾಚಿದ ಕೈಯನ್ನು, ಅದರಲ್ಲಿ ಒದ್ದೆಯಾಗಿ ಹೊಳೆಯುತ್ತಿದ್ದ ಬೆರಳುಗಳನ್ನು, ನೋಡಿದರು. ಹಸನಬ್ಬನ ಕಡೆ ತಿರುಗಿ, "ಲಕೋಟೆ ಕೊಡಿ" ಅಂದರು. ಕೊಟ್ಟ. ಫಿಲ್ಮನ್ನು ಅಂಚಿನಲ್ಲಿ ಹಿಡಿದು, ಯಾರೂ ಕಲಿಸದಿದ್ದರೂ ಅಂಚಿನಲ್ಲೇ ಹಿಡಿದು, ಒಳಗೆ ಹಾಕಿ, ಕುರ್ಚಿಯ ಬದಿಯಲ್ಲಿದ್ದ ತಮ್ಮ ಬ್ಯಾಗಿನಲ್ಲಿ ಸೀರೆಯ ಮಡಿಕೆಯ ನಡುವೆ ಇಟ್ಟರು. ಬ್ಯಾಗಿನಲ್ಲಿ ಎರಡು ಸೀರೆ ಇದ್ದವು, ಮನೆಯಿಂದಲೇ ಮಡಚಿ ತಂದವು. ಹಸನಬ್ಬ ಮಾತ್ರ ಅದನ್ನು ಕಂಡದ್ದು.

"ಎಲ್ಲಿಗೆ?" ಅಂದರು ಭಟ್ರು. "ಕಾರು ಉಂಟಲ್ಲ, ಒಟ್ಟಿಗೆ ಹೋಗುವ."

"ಆಲೆಟ್ಟಿಗೆ. ಅಣ್ಣನ ಮನೆಗೆ."

"ಯಾವಾಗ ಬರುದು?"

ಅವರು ಬ್ಯಾಗು ಎತ್ತಿ ಬಾಗಿಲ ಕಡೆ ನಡೆದರು. "ಬಿಸಿಲು ಅಮ್ಮಾ, ಫೋಟೋ ನೋಡಿ ಹೋಗಿ, ಪ್ರಿಂಟು ಇನ್ನೂ ಚಂದ ಬರ್ತದೆ" ಎಂದು ಮಗ ಹೇಳುತ್ತಿದ್ದ. ಅವರು ಆ ಒದ್ದೆ ಫಿಲ್ಮನ್ನು ಒಮ್ಮೆ ನೋಡಿ, "ಅದು ನೀನೇ ಇಟ್ಕೋ. ಅದರಲ್ಲಿ ನಾನೊಬ್ಬಳೇ ಇರುದು" ಅಂದರು. ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದು ಕೆಳಗಿಳಿಯಿತು.

ಹಸನಬ್ಬ ಬಸ್‌ಸ್ಟ್ಯಾಂಡಿಗೆ ಬರುವಾಗ ಅವರು ಆಲೆಟ್ಟಿಯ ಕಡೆಗೆ ಹೋಗುವ ಸುಳ್ಯದ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತಾಗಿತ್ತು. ಬೆಳ್ಳಾರೆಯ ಬಸ್ಸು ನಿಲ್ಲುವುದು ಆಚೆ ಬದಿಯಲ್ಲಿ. ಅವನು ಅಲ್ಲಿಗೆ ಹೋಗದೆ ಕಂಬದ ಹಿಂದೆ ನಿಂತ, ಕಾಣಬೇಕೆಂದೂ ಇಲ್ಲ, ಅಡಗಬೇಕೆಂದೂ ಇಲ್ಲ. ತುಟಿಯಲ್ಲಿ ಆ ಹಳೆಯ ರುಚಿ ಇನ್ನೂ ಇತ್ತು, ತಣ್ಣಗೆ, ಸ್ವಲ್ಪ ಉಪ್ಪು. ನೋಂಬು ಉಳಿಯಿತೋ ಹೋಯಿತೋ ಯಾರನ್ನೂ ಕೇಳುವುದಿಲ್ಲ ಎಂದು ನಿಶ್ಚಯ ಮಾಡಿದ. ತಲೆದೂಗುವವರು ಅವನಿಗೆ ಇನ್ನು ಬೇಡ. ಕಂಡಕ್ಟರ ಸೀಟಿ ಊದಿದ. ಬಸ್ಸು ಹೊರಳುವಾಗ, ಎಲ್ಲರೂ ಕಂಬಿ ಹಿಡಿದು ವಾಲಿದರು. ಬ್ಯಾಗನ್ನು ಎದೆಗೊತ್ತಿ ಹಿಡಿದ ಅವರು ಮಾತ್ರ ವಾಲಲಿಲ್ಲ.

ಮನೋರಮಮ್ಮ ಹೊರಟದ್ದು ಹಾಗೆ, ಭಾನುವಾರ, ಹನ್ನೊಂದನೆಯ ನೋಂಬಿನ ದಿವಸ, ನಾಲ್ಕು ಗಂಟೆಯ ಬಸ್ಸಿಗೆ.